ಹಳದಿಯಿಂದ 300 ಮೀಟರ್ ಆಚೆ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಮಗಳು ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಆ ಊರಿನ ಉತ್ತರಕ್ಕೆ ಮೆರಾಪಿ ಅನ್ನೋ ಜ್ವಾಲಾಮುಖಿ ಇದೆ. ಟಿ.ವಿ.ಯಲ್ಲಿ ಅದು ಹೊಗೆ ಉಗುಳೋದು ನೋಡಿ ಗಾಬರಿಯಾಗಿ ಫೋನ್ ಮಾಡಿದರೆ, ವಾಟ್ಸಾಪ್‌ನಲ್ಲಿ ಒಂದು ನಕ್ಷೆ ಕಳಿಸಿದಳು. ಬೆಟ್ಟದ ಸುತ್ತ ಕಡುಗುಲಾಬಿ, ಆಮೇಲೆ ತಿಳಿಗುಲಾಬಿ, ಅಲ್ಲಿಂದ ಕೆಳಕ್ಕೆ ಬೇರು ಇಳಿದ ಹಾಗೆ ಹಳದಿ ಪಟ್ಟಿಗಳು. "ನಮ್ಮ ರೂಮು ಹಳದಿಯಿಂದ 300 ಮೀಟರ್ ಆಚೆ ಇದೆ, ಏನೂ ಆಗಲ್ಲ ಅಪ್ಪಾ" ಅಂತಾಳೆ. ಈ ನಕ್ಷೆ ಯಾರು, ಹೇಗೆ ಮಾಡ್ತಾರೆ? ಬೆಟ್ಟ ಸಿಡಿಯೋ ಹೊತ್ತಲ್ಲಿ ಅದನ್ನ ಎಷ್ಟು ನಂಬಬಹುದು? ಅವಳನ್ನ ವಾಪಸ್ ಕರೆಸಿಕೊಳ್ಳಲಾ?

ಉತ್ತರ: ಸರ್, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿಮ್ಮ ತಲೆಗೆ ಹೋಗುವುದಿಲ್ಲ. ಕರೆಸಿಕೊಳ್ಳುವ ಅಗತ್ಯವಿಲ್ಲ. ಯೋಗ್ಯಕರ್ತಾ ನಗರ ಮೆರಾಪಿಯ ತುದಿಯಿಂದ ಹೆಚ್ಚುಕಡಿಮೆ 30 ಕಿ.ಮೀ. ದೂರದಲ್ಲಿದೆ. ಆ ಬೆಟ್ಟವನ್ನು ಹಗಲೂ ರಾತ್ರಿ ಕಾಯಲೆಂದೇ ಅದೇ ಊರಿನಲ್ಲಿ ಒಂದು ಸರ್ಕಾರಿ ಸಂಸ್ಥೆ ಇದೆ. ಆದರೆ ನಿಮ್ಮ ಮಗಳು ಹೇಳಿದ ಕಾರಣವನ್ನು ನಾನು ಒಪ್ಪುವುದಿಲ್ಲ. ಏನೂ ಆಗದೇ ಇರಬಹುದು, ಅದಕ್ಕೂ ಆ 300 ಮೀಟರಿಗೂ ಸಂಬಂಧ ಕಡಿಮೆ. ಅವಳ ರೂಮಿಗೂ ಆ ಹಳದಿ ಪಟ್ಟಿಯಲ್ಲಿ ಹರಿಯುವ ಹೊಳೆಗೂ ನಡುವೆ ನೆಲ ಎಷ್ಟು ಏರುತ್ತದೆ ಎಂಬುದು ಗೊತ್ತಾಗದೆ ನಾನೂ ಏನೂ ಹೇಳಲಾರೆ, ಆ ನಕ್ಷೆಯೂ ಹೇಳಲಾರದು.

ಚಿತ್ರದುರ್ಗದಲ್ಲಿ ಕೂತವನಿಗೆ ಜ್ವಾಲಾಮುಖಿಯ ಸಹವಾಸ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಬಹಳ ಜನ ಕೇಳುತ್ತಾರೆ. ನಮ್ಮ ಮರಡಿಹಳ್ಳಿಯ ಹತ್ತಿರ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆಯಲ್ಲ, ಅವು ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿ, ಉಕ್ಕಿದಲ್ಲೇ ಹೆಪ್ಪುಗಟ್ಟಿದ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ನಮ್ಮ ಜಿಲ್ಲೆಯ ಜ್ವಾಲಾಮುಖಿಗಳು ಆರಿ ಅಷ್ಟು ಕಾಲವಾಯಿತು, ಅವುಗಳ ಭಯ ನಮಗಿಲ್ಲ. ದೇಶದಲ್ಲಿ ಈಗ ಜೀವಂತ ಇರುವುದು ಅಂಡಮಾನಿನ ಬ್ಯಾರೆನ್ ದ್ವೀಪ ಒಂದೇ, ಅಲ್ಲಿ ಜನವಸತಿ ಇಲ್ಲ. ಹಾಗಾಗಿ ಈ ಬಗೆಯ ನಕ್ಷೆ ನೋಡಿ ಮನೆ ಬಿಡಬೇಕಾದ ಪ್ರಸಂಗ ನಮ್ಮ ಕಡೆಯವರಿಗೆ ಬಂದೇ ಇಲ್ಲ. ಅದರ ಬಣ್ಣಗಳನ್ನು ನಾವು ತಪ್ಪಾಗಿ ಓದಿದರೆ ಆಶ್ಚರ್ಯವಿಲ್ಲ. ವಿಷಯ ಏನೆಂದರೆ, ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರೂ ಹಾಗೇ ಓದುತ್ತಾರೆ.

ಮೊದಲು ಬಣ್ಣಗಳ ವಿಚಾರ. ನೋಡುವವರಿಗೆ ಕಡುಗುಲಾಬಿ ಎಂದರೆ ಬಹಳ ಅಪಾಯ, ತಿಳಿಗುಲಾಬಿ ಎಂದರೆ ಸ್ವಲ್ಪ ಕಡಿಮೆ, ಹಳದಿ ಎಂದರೆ ಇನ್ನೂ ಕಡಿಮೆ ಅಂತ ಅನಿಸುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಮೆರಾಪಿಯ ಗುಲಾಬಿಗೂ ಹಳದಿಗೂ ಇರುವ ಮುಖ್ಯ ವ್ಯತ್ಯಾಸ ಬೇರೆ: ಎರಡರಲ್ಲೂ ಬರುವ ಯಮ ಬೇರೆ ಬೇರೆ. ಗುಲಾಬಿಯಲ್ಲಿ ಬರುವುದು ಬಿಸಿಬೂದಿಯ ಪ್ರವಾಹ. ಹಳದಿಯಲ್ಲಿ ಬರುವುದು ಕೆಸರಿನ ಪ್ರವಾಹ, ಅದಕ್ಕೆ 'ಲಹಾರ್' ಅನ್ನುತ್ತಾರೆ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಈಗ ಬಳಸುವ ಆ ಪದ ಜಾವಾದವರದ್ದೇ.

ಬಿಸಿಬೂದಿಯ ಪ್ರವಾಹ ಏನೆಂದು ನಿಮಗೆ ವಿವರಿಸುವುದು ಬೇರೆಯವರಿಗಿಂತ ಸುಲಭ. ಭಟ್ಟಿಯಲ್ಲಿ ಅಕ್ಕಿ ಅರಳಿದ ಕೂಡಲೇ ಬಾಣಲೆಯ ಕಾದ ಮರಳು ಸಮೇತ ಜರಡಿಗೆ ಸುರಿಯುತ್ತಾರಲ್ಲ, ಆಗ ಆ ಮರಳು ಮರಳಿನ ಹಾಗೆ ಬೀಳುವುದಿಲ್ಲ, ನೀರಿನ ಹಾಗೆ ಇಳಿದುಹೋಗುತ್ತದೆ. ಅದೇ ಮರಳಿನ ನಡುವೆ ಕಾದ ಅನಿಲ ತುಂಬಿಕೊಂಡಿದೆ, ಬಾಣಲೆಯ ಜಾಗದಲ್ಲಿ ಸುಮಾರು 2,900 ಮೀಟರ್ ಎತ್ತರದ ಬೆಟ್ಟದ ತುದಿ ಇದೆ ಅಂದುಕೊಳ್ಳಿ. ಹಲವು ನೂರು ಡಿಗ್ರಿ ಶಾಖ, ಗಂಟೆಗೆ 100 ಕಿ.ಮೀ. ಮೀರುವ ವೇಗ. ಬೈಕಿನಲ್ಲಿ ಓಡಿ ಗೆಲ್ಲುವ ಮಾತಿಲ್ಲ. ಮೆರಾಪಿಯ ಹಳ್ಳಿಗರು ಇದನ್ನು 'ವೆಧುಸ್ ಗೆಂಬೆಲ್' ಅನ್ನುತ್ತಾರೆ, ಜಡೆಗಟ್ಟಿದ ಉಣ್ಣೆಯ ಕುರಿ. ಮೇಲೇಳುವ ಬೂದಿಮೋಡ ಹಾಗೇ ಸುರುಳಿ ಸುರುಳಿಯಾಗಿರುತ್ತದೆ. ಚಳ್ಳಕೆರೆ ಕಡೆ ಕುರಿಮಂದೆ ದಿಬ್ಬ ಇಳಿಯುವುದನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿ ಎಂದು ಹೇಳಿಕೊಡಬೇಕಿಲ್ಲ.

ಲಹಾರ್ ಹಾಗಲ್ಲ. ಬೆಟ್ಟ ಉಗುಳಿದ ಬೂದಿ, ಕಲ್ಲು ಇಳಿಜಾರಿನಲ್ಲಿ ಬಿದ್ದಿರುತ್ತದೆ. ಮಳೆ ಹುಯ್ದಾಗ ಅದೆಲ್ಲ ಹಳ್ಳಕ್ಕೆ ಇಳಿದು ಕಲಸಿದ ಕಾಂಕ್ರೀಟಿನ ಹಾಗೆ ಹರಿಯುತ್ತದೆ, ಮನೆ ಗಾತ್ರದ ಬಂಡೆಗಳನ್ನು ತೇಲಿಸಿಕೊಂಡು. ಇದಕ್ಕೆ ಬೆಟ್ಟ ಆ ದಿನ ಸಿಡಿಯುತ್ತಿರಬೇಕೆಂದಿಲ್ಲ. 2010ರಲ್ಲಿ ಮೆರಾಪಿ ಸಿಡಿದು ಸುಮ್ಮನಾದ ಮೇಲೆ, 2011ರ ಜನವರಿಯಲ್ಲಿ ಪುತಿಹ್ ಎಂಬ ಹೊಳೆಯಲ್ಲಿ ಬಂದ ಲಹಾರ್ ಯೋಗ್ಯಕರ್ತಾ–ಮಗೆಲಾಂಗ್ ಹೆದ್ದಾರಿಯನ್ನೇ ಕಡಿದುಹಾಕಿತು. ಬೆಟ್ಟದಿಂದ ಬೊಯೊಂಗ್ ಎಂಬ ಹೆಸರಿನಲ್ಲಿ ಇಳಿಯುವ ಹೊಳೆ ಯೋಗ್ಯಕರ್ತಾ ನಗರದ ನಡುವೆ ಚೊಡೆ ಎಂಬ ಹೆಸರಿನಲ್ಲಿ ಹರಿಯುತ್ತದೆ. ಅದರ ದಡದ ಓಣಿಗಳಿಗೂ ಆ ಮಳೆಗಾಲದಲ್ಲಿ ಕೆಸರು ನುಗ್ಗಿತ್ತು. ನಿಮ್ಮ ಮಗಳ ನಕ್ಷೆಯ ಹಳದಿ ಬೇರುಗಳೆಲ್ಲ ಇಂಥ ಹೊಳೆಗಳೇ.

ಇನ್ನು, ಇವನ್ನು ಬರೆಯುವುದು ಹೇಗೆ? ಅರ್ಧ ಕೆಲಸ ಹಳೆಯ ಲೆಕ್ಕ ತೆಗೆಯುವುದು. ಬೆಟ್ಟದ ಸುತ್ತಲಿನ ಕೊರಕಲುಗಳಲ್ಲಿ ಇಳಿದು ದಡದ ಪದರಗಳನ್ನು ಓದುತ್ತಾರೆ: ಇದು ಗಾಳಿಯಲ್ಲಿ ಬಂದು ಬಿದ್ದ ಬೂದಿ, ಇದು ಕೆಸರು ತಂದ ಕಲ್ಲು, ಇದು ಬಿಸಿಬೂದಿ ಸುಟ್ಟ ಮರದ ಇದ್ದಿಲು. ಇದ್ದಿಲಿನ ಇಂಗಾಲ ಅಳೆದು ಅದು ಯಾವ ಕಾಲದ್ದೆಂದು ಗೊತ್ತುಮಾಡುತ್ತಾರೆ. ಹೀಗೆ ಬೆಟ್ಟ ಹಿಂದೆ ಏನೇನು ಮಾಡಿತ್ತು, ಎಲ್ಲಿಯವರೆಗೆ ಕೈ ಚಾಚಿತ್ತು ಎಂಬುದು ಸಿಗುತ್ತದೆ. ನಮ್ಮಲ್ಲಿ ಹಳಬರು "ಕೆರೆ ಕೋಡಿ ಬಿದ್ದರೆ ನೀರು ಇಲ್ಲಿವರೆಗೂ ಬರ್ತಿತ್ತು" ಅಂತ ಜಾಗ ತೋರಿಸುತ್ತಾರಲ್ಲ, ಅದೇ ಕೆಲಸ. ನಮ್ಮ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ಜನ ಜಾತ್ರೆಯ ಹಾಗೆ ನೋಡಲು ಹೋದರು, ನಾನೂ ಹೋಗಿದ್ದೆ. ಅಷ್ಟು ವರ್ಷದಲ್ಲಿ ಮೂರು ತಲೆಮಾರು ಕಳೆದು, ನೀರಿನ ದಾರಿ ಯಾವುದು ಎಂಬ ನೆನಪೇ ಸವೆದಿರುತ್ತದೆ. ಜ್ವಾಲಾಮುಖಿಗಳ ಕೋಡಿ ಇನ್ನೂ ಅಪರೂಪ. ಫಿಲಿಪೀನ್ಸಿನ ಪಿನಟುಬೊ 1991ರಲ್ಲಿ ಎದ್ದಾಗ ಹಿಂದಿನ ಸಲ ಸಿಡಿದು ಸುಮಾರು 500 ವರ್ಷವಾಗಿತ್ತು.

ಉಳಿದರ್ಧ ಲೆಕ್ಕಾಚಾರ. ಇದರಲ್ಲಿ ಒಂದನ್ನು ಬಿಡಿಸಿ ತೋರಿಸುತ್ತೇನೆ, ಯಾಕೆಂದರೆ 300 ಮೀಟರಿನ ಗುಟ್ಟು ಇಲ್ಲೇ ಇದೆ. 1998ರಲ್ಲಿ ಅಮೆರಿಕದ ಭೂಸರ್ವೇಕ್ಷಣ ಸಂಸ್ಥೆಯ ಮೂವರು ವಿಜ್ಞಾನಿಗಳು ಒಂಬತ್ತು ಜ್ವಾಲಾಮುಖಿಗಳ 27 ಲಹಾರ್‌ಗಳನ್ನು ಅಳೆದು ಒಂದು ಸರಳ ಸೂತ್ರ ಕೊಟ್ಟರು. ಕೆಸರಿನ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು, ಅದರ ಮೂರನೇ ಎರಡು ಘಾತ (ಅಂದರೆ ಘನಮೂಲದ ವರ್ಗ) ಕಂಡುಹಿಡಿದು, 200ರಿಂದ ಗುಣಿಸಿ. ಕೆಸರು ಹರಡುವ ವಿಸ್ತೀರ್ಣ ಚದರ ಮೀಟರಿನಲ್ಲಿ ಬರುತ್ತದೆ. 10 ಲಕ್ಷ ಘನ ಮೀಟರ್, ಅಂದರೆ 10 ಘನ ಮೀಟರಿನ ಟಿಪ್ಪರ್‌ಗಳಲ್ಲಿ ಒಂದು ಲಕ್ಷ ಲೋಡು ಕೆಸರು ಬಂತು ಅನ್ನಿ, ಅದು 2 ಚದರ ಕಿ.ಮೀ. ಹರಡುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 500 ಎಕರೆ. ಹತ್ತು ಪಟ್ಟು ಕೆಸರು ಬಂದರೆ 9 ಚದರ ಕಿ.ಮೀ. ದಾಟಿ 2,300 ಎಕರೆ.

ಸರಿ, ನಕ್ಷೆ ಮಾಡುವವರು ಯಾವ ಗಾತ್ರವನ್ನು ಹಿಡಿಯಬೇಕು? ಮುಂದಿನ ಮಳೆಗೆ ಎಷ್ಟು ಕೆಸರು ಬರುತ್ತದೆಂದು ಯಾರೂ ಅಳೆದು ಹೇಳಲಾರರು. ಹಾಗಾಗಿ ಸಣ್ಣದಕ್ಕೊಂದು, ನಡುವಿನದಕ್ಕೊಂದು, ದೊಡ್ಡದಕ್ಕೊಂದು ಹೀಗೆ ಒಂದರೊಳಗೊಂದು ಗೆರೆ ಎಳೆಯುತ್ತಾರೆ. ಜನರ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಒಂದು ಗೆರೆ ಉಳಿದಿರುತ್ತದೆ. ಯಾವುದೋ ಸಭೆಯಲ್ಲಿ ನಾಲ್ಕು ಜನ ಕೂತು "ಇದು ಇರಲಿ" ಅಂದಿರುತ್ತಾರೆ. ನಿಮ್ಮ ಮಗಳು ಆ ಗೆರೆಯಿಂದ ರೂಮಿನವರೆಗೆ 300 ಮೀಟರ್ ಅಳೆದಿದ್ದಾಳೆ. ಕೆಸರಿನ ಗಾತ್ರ ಒಂದಿಷ್ಟು ಹೆಚ್ಚಿದ್ದರೆ ಗೆರೆಯೇ ಸರಿಯುತ್ತಿತ್ತು. ಜೊತೆಗೆ, ಆ ಅಗಲದ ಬಣ್ಣದ ಪಟ್ಟಿಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಅಳೆಯುವುದೂ ಒಂದು ಭ್ರಮೆ. ಇಡೀ ಬೆಟ್ಟವನ್ನು ಒಂದೇ ಹಾಳೆಗೆ ತಂದ ನಕ್ಷೆಯಲ್ಲಿ 300 ಮೀಟರ್ ಅಂದರೆ ಕೆಲವೇ ಮಿಲಿಮೀಟರ್, ಒಂದು ದಪ್ಪ ಪೆನ್ನಿನ ಗೀಟಿನ ಲೆಕ್ಕ.

ಇದೆಲ್ಲ ಶಾಂತ ಕಾಲದಲ್ಲಿ ಮಾಡಿಟ್ಟ ನಕ್ಷೆ. ನೀವು ಕೇಳಿದ್ದು ಬೆಟ್ಟ ಸಿಡಿಯುವ ಹೊತ್ತಿನ ಮಾತು. ಆಗ ನಕ್ಷೆ ಬೇರೆಯೇ ವಸ್ತು ಆಗುತ್ತದೆ: ಹಾಲಿನ ಪ್ಯಾಕೆಟಿನ ಹಾಗೆ ಅದಕ್ಕೊಂದು ತಾರೀಖು ಇರಬೇಕು. ಯಾಕೆಂದರೆ ಬೆಟ್ಟವೇ ಆಕಾರ ಬದಲಿಸುತ್ತಿರುತ್ತದೆ. ಮೆರಾಪಿಯ ಬಾಯಲ್ಲಿ ದಪ್ಪ ಲಾವಾ ನಿಧಾನಕ್ಕೆ ಗುಮ್ಮಟದ ಹಾಗೆ ಬೆಳೆಯುತ್ತದೆ. ಭಾರ ತಡೆಯದೆ ಒಂದು ಬದಿ ಕುಸಿದರೆ ಬಿಸಿಬೂದಿ ಆ ಬದಿಗೆ ಇಳಿಯುತ್ತದೆ. 2006ಕ್ಕೆ ಮುಂಚೆ ವರ್ಷಗಟ್ಟಲೆ ಅದು ಇಳಿಯುತ್ತಿದ್ದದ್ದು ನೈಋತ್ಯಕ್ಕೆ. ದಕ್ಷಿಣದ ಹಳ್ಳಿಗಳಿಗೆ ತುದಿಯಲ್ಲೊಂದು ಹಳೆಯ ಬಂಡೆಯ ಗೋಡೆ ಅಡ್ಡ ಇತ್ತು, ಆ ಊರಿನವರಿಗೆ ಅದರ ಮೇಲೆ ಬಲು ನಂಬಿಕೆ. ಆ ವರ್ಷದ ಜೂನಿನಲ್ಲಿ ಆ ಗೋಡೆಯೇ ಕುಸಿಯಿತು. ದಾರಿ ತೆರೆದದ್ದೇ ತಡ, ಜೂನ್ 14ರಂದು ಬಿಸಿಬೂದಿ ಗೆಂಡೋಲ್ ಹೊಳೆಗೆ ತಿರುಗಿ ಕಲಿಅಡೆಮ್ ಎಂಬ ಹಳ್ಳಿಯನ್ನು ಮುಚ್ಚಿತು. ಇಂಥ ಹೊತ್ತಿಗೆಂದೇ ಕಟ್ಟಿದ್ದ ಬಂಕರಿನೊಳಗೆ ಹೊಕ್ಕ ಇಬ್ಬರು ಅಲ್ಲೇ ಸತ್ತರು. ಹಿಂದಿನ ತಿಂಗಳ ನಕ್ಷೆ ಕೈಯಲ್ಲಿದ್ದವನಿಗೆ ಅದು ಸುರಕ್ಷಿತ ಬದಿ.

2010ರಲ್ಲಿ ಇನ್ನೂ ದೊಡ್ಡದಾಯಿತು. ಅಕ್ಟೋಬರ್ 25ಕ್ಕೆ ತುದಿಯಿಂದ ಸುತ್ತ 10 ಕಿ.ಮೀ. ಒಳಗಿದ್ದವರನ್ನು ಏಳಿಸಿದರು. ಮರುದಿನವೇ ಬೆಟ್ಟ ಸಿಡಿಯಿತು. ನವೆಂಬರ್ 3ಕ್ಕೆ 15 ಕಿ.ಮೀ. ಆಯಿತು, 5ಕ್ಕೆ 20 ಕಿ.ಮೀ. ಅದೇ 5ರ ನಡುರಾತ್ರಿ ಕಳೆದ ಮೇಲೆ ಬಿಸಿಬೂದಿ ಗೆಂಡೋಲ್ ಹೊಳೆಯ ಗುಂಟ 15 ಕಿ.ಮೀ. ಹತ್ತಿರ ಓಡಿಬಂದು, ತಿರುವಿನಲ್ಲಿ ದಡ ಹಾರಿ, ಇನ್ನೂ ಖಾಲಿಯಾಗದಿದ್ದ ಮನೆಗಳಿಗೆ ನುಗ್ಗಿತು. ಆ ಸಲ ಒಟ್ಟು 350ಕ್ಕೂ ಹೆಚ್ಚು ಜನ ಸತ್ತರು. ಸುಮಾರು 4 ಲಕ್ಷ ಜನರನ್ನು ಸ್ಥಳಾಂತರಿಸದೇ ಇದ್ದಿದ್ದರೆ ಆ ಸಂಖ್ಯೆ ಸಾವಿರಗಳಲ್ಲಿ ಇರುತ್ತಿತ್ತು ಎಂಬುದರಲ್ಲಿ ಭೂವಿಜ್ಞಾನಿಗಳಿಗೆ ಅನುಮಾನವಿಲ್ಲ.

ಇಲ್ಲೊಂದು ಮಾತು ಗಮನಿಸಿ. ಸರ್ಕಾರ ಹೇಳಿದ್ದು ವೃತ್ತದ ಲೆಕ್ಕ, ಬಿಸಿಬೂದಿ ಓಡಿದ್ದು ಹೊಳೆಯ ಗುಂಟ. ಕಂಪಾಸು ಇಟ್ಟು ವೃತ್ತ ಎಳೆಯುವುದು ಸುಲಭ, ರೇಡಿಯೋದಲ್ಲಿ ಹೇಳುವುದೂ ಸುಲಭ. ಪಿನಟುಬೊದಲ್ಲೂ 10, 20, 30 ಅಂತ ಹಿಗ್ಗಿಸುತ್ತಾ ಕಡೆಗೆ 40 ಕಿ.ಮೀ.ಗೆ ಹೋದರು, ಅದರಿಂದ ಸಾವಿರಾರು ಜೀವ ಉಳಿಯಿತು. ಅವಸರಕ್ಕೆ ವೃತ್ತವೇ ಸರಿ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ವೃತ್ತಕ್ಕೆ ಹಳ್ಳ ಗೊತ್ತಿಲ್ಲ, ದಿಬ್ಬ ಗೊತ್ತಿಲ್ಲ. ಮೆರಾಪಿಯವರು ಈ ಪಾಠ ಕಲಿತಿದ್ದಾರೆ. 2020ರ ನವೆಂಬರಿನಲ್ಲಿ ಎಚ್ಚರಿಕೆಯ ನಾಲ್ಕು ಹಂತಗಳಲ್ಲಿ ಮೂರನೆಯದಾದ 'ಸಿಯಾಗಾ'ಕ್ಕೆ ಏರಿಸಿದ ಮೇಲಿನ ಅವರ ಸೂಚನೆಗಳನ್ನು ನೋಡಿ: ಬೊಯೊಂಗ್ ಹೊಳೆಯಲ್ಲಿ 5 ಕಿ.ಮೀ.ವರೆಗೆ, ಕ್ರಾಸಾಕ್ ಮತ್ತು ಬೆಬೆಂಗ್‌ನಲ್ಲಿ 7, ವೊರೊದಲ್ಲಿ 3, ಗೆಂಡೋಲ್‌ನಲ್ಲಿ 5. ಹೊಳೆ ಹೊಳೆಗೂ ಬೇರೆ ಲೆಕ್ಕ. ಗುಮ್ಮಟ ಯಾವ ಬದಿಗೆ ವಾಲಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಬಣ್ಣದ ನಕ್ಷೆಗಿಂತ ಈ ಎರಡು ಸಾಲಿನ ಸೂಚನೆ ನನಗೆ ಹೆಚ್ಚು ಉಪಯುಕ್ತ ಅನಿಸುತ್ತದೆ. ಐಸ್‌ಲ್ಯಾಂಡಿನವರು 2023ರ ನವೆಂಬರಿನಲ್ಲಿ ಗ್ರಿಂಡವಿಕ್ ಊರು ಖಾಲಿ ಮಾಡಿಸಿದ ಮೇಲೆ ಅಪಾಯದ ನಕ್ಷೆಯನ್ನು ಇಂತಿಂಥ ದಿನದವರೆಗೆ ಮಾತ್ರ ಎಂದು ಬರೆದೇ ಹೊರಡಿಸುತ್ತಿದ್ದರು. ಹಾಗಿರಬೇಕು.

ನಕ್ಷೆ ಸರಿಯಾಗಿದ್ದೂ ಜನ ಸತ್ತ ಕತೆ ಹೇಳದೆ ಇದು ಮುಗಿಯುವುದಿಲ್ಲ. ಕೊಲಂಬಿಯಾದಲ್ಲಿ ನೆವಾಡೊ ಡೆಲ್ ರೂಯಿಜ್ ಎಂಬ ಹಿಮ ಹೊದ್ದ ಜ್ವಾಲಾಮುಖಿ ಇದೆ. 1985ರ ಅಕ್ಟೋಬರಿನಲ್ಲಿ ಅದರ ಅಪಾಯದ ನಕ್ಷೆ ಹೊರಬಂತು. ಲಗುನಿಲ್ಲಾ ಹೊಳೆ ಬೆಟ್ಟ ಬಿಟ್ಟು ಬಯಲಿಗೆ ಬೀಳುವ ಬಾಯಲ್ಲೇ ಆರ್ಮೆರೊ ಎಂಬ ಊರಿತ್ತು. ಕೆಸರು ಬಂದರೆ ಇಲ್ಲಿ ಬರುತ್ತದೆ ಎಂದು ನಕ್ಷೆ ಸ್ಪಷ್ಟವಾಗಿ ತೋರಿಸಿತ್ತು. 1595ರಲ್ಲಿ ಬಂದಿತ್ತು, 1845ರಲ್ಲೂ ಬಂದಿತ್ತು. ಆ 1845ರ ಕೆಸರಿನ ಮೇಲೇ ಊರು ಕಟ್ಟಿದ್ದರು. ನವೆಂಬರ್ 13ರ ಮಧ್ಯಾಹ್ನ ಬೂದಿ ಉದುರಿತು, ಮನೆಯೊಳಗಿರಿ, ಹೆದರಬೇಡಿ ಎಂದು ಜನರಿಗೆ ಹೇಳಲಾಯಿತು. ರಾತ್ರಿ ಒಂಬತ್ತು ದಾಟಿದ ಮೇಲೆ ಬೆಟ್ಟ ಸಿಡಿದು ಹಿಮ ಕರಗಿತು. ಕೆಸರು ಹೊಳೆಯ ಗುಂಟ 70 ಕಿ.ಮೀ.ಗೂ ಹೆಚ್ಚು ಓಡಿ ಊರು ಮುಟ್ಟಿದ್ದು ಹನ್ನೊಂದೂವರೆಯ ಸುಮಾರಿಗೆ. ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ಹೆಚ್ಚು ದೂರ, ಎರಡು ಗಂಟೆಗೂ ಮೀರಿದ ಸಮಯ. ಎತ್ತರದ ಜಾಗ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಅಷ್ಟಿದ್ದೂ 20 ಸಾವಿರಕ್ಕೂ ಹೆಚ್ಚು ಜನ ಹೋದರು.

ಅಧಿಕಾರಿಗಳು ದಡ್ಡರೇ ಅಂತ ಬೈಯುವುದು ಸುಲಭ. ಅವರ ತಲೆಯಲ್ಲಿದ್ದ ಭಯವೂ ಸುಳ್ಳಲ್ಲ: ಊರೆಲ್ಲ ಖಾಲಿ ಮಾಡಿಸಿ ಏನೂ ಆಗದಿದ್ದರೆ? ಹಾಗೆ ಆದದ್ದುಂಟು. 1976ರಲ್ಲಿ ಫ್ರಾನ್ಸಿಗೆ ಸೇರಿದ ಗ್ವಾಡಲೂಪ್ ದ್ವೀಪದಲ್ಲಿ 70 ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಊರು ಬಿಡಿಸಿದರು. ದೊಡ್ಡ ಸ್ಫೋಟ ಆಗಲೇ ಇಲ್ಲ. ಫ್ರಾನ್ಸಿನ ವಿಜ್ಞಾನಿಗಳು ಎರಡು ಬಣವಾಗಿ ಪತ್ರಿಕೆಗಳಲ್ಲೇ ಕಿತ್ತಾಡಿಕೊಂಡರು. ಆ ನೆನಪು ಒಂಬತ್ತು ವರ್ಷದ ನಂತರವೂ ಎಲ್ಲರ ಬೆನ್ನ ಹಿಂದೆ ಇದ್ದಿರಬೇಕು. ಅದಕ್ಕೇ ನಾನು ಹೇಳುವುದು, ನಕ್ಷೆಯ ಗೆರೆಯಲ್ಲಿ ಭೂವಿಜ್ಞಾನ ಅರ್ಧ, ಆಡಳಿತ ಅರ್ಧ. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಸುತ್ತ 1980ರಲ್ಲಿ ನಿಷೇಧಿತ ವಲಯದ ಒಂದು ಗಡಿ ಮರದ ಕಂಪನಿಯೊಂದರ ಜಮೀನಿನ ಎಲ್ಲೆಯನ್ನೇ ಹಿಡಿದು ಹೋಗಿತ್ತು. ಮೇ 18ರಂದು ಬೆಟ್ಟ ಮೇಲಕ್ಕೆ ಸಿಡಿಯದೆ ಉತ್ತರಕ್ಕೆ ಪಕ್ಕೆ ಒಡೆದು ಸಿಡಿಯಿತು. ಸತ್ತ 57 ಜನರಲ್ಲಿ ಬಹುತೇಕರು ನಿಷೇಧಿತ ವಲಯದ ಹೊರಗಿದ್ದವರು. ಪಹಣಿಯ ಗೆರೆಗೆ ಬೆಟ್ಟ ಯಾಕೆ ಬಗ್ಗೀತು?

ಉಲ್ಟಾ ಪ್ರಸಂಗವೂ ಇದೆ. ಕೆರಿಬಿಯನ್ನಿನ ಮೊಂಟ್ಸೆರಾಟ್ ದ್ವೀಪದಲ್ಲಿ 1997ರ ಜೂನ್ 25ರಂದು ಸತ್ತ 19 ಜನ ನಿಷೇಧಿತ ವಲಯದ ಒಳಗಿದ್ದರು. ಅದು ಗೊತ್ತಿದ್ದೇ ಹೊಲ, ದನಕರು ನೋಡಿಕೊಳ್ಳಲು ಹೋದವರು ಅವರಲ್ಲಿದ್ದರು. ಇದನ್ನು ಓದಿದಾಗೆಲ್ಲ ನನಗೆ ನಮ್ಮ ರೈತರೇ ಕಣ್ಣ ಮುಂದೆ ಬರುತ್ತಾರೆ. ಹಾಲು ಕರೆಯುವ ಎಮ್ಮೆಯನ್ನು ಕೊಟ್ಟಿಗೆಯಲ್ಲಿ ಬಿಟ್ಟು ಶಾಲೆಯ ಕೋಣೆಯಲ್ಲಿ ಎರಡು ತಿಂಗಳು ಮಲಗಿರಿ ಅಂದರೆ ಯಾರು ಮಲಗುತ್ತಾರೆ?

ನಕ್ಷೆ ಓದುವುದರ ಕಷ್ಟವನ್ನೂ ಹೇಳಬೇಕು. ಬಹಳ ವರ್ಷದ ಹಿಂದೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಹರಡಿಕೊಂಡು ಕೂತಿದ್ದೆ. ಹೊಲದ ಯಜಮಾನರು ಬಂದು ನೋಡಿದರು. "ನಿಮ್ಮ ಹೊಲ ಎಲ್ಲಿದೆ ತೋರಿಸಿ ನೋಡೋಣ" ಅಂದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳನ್ನು ಐದು ನಿಮಿಷ ನೋಡಿ, "ಇದೇನ್ ಸಾರ್, ಹೆಬ್ಬೆಟ್ಟಿನ ಗುರುತು ಇದ್ದಂಗೈತೆ" ಅಂದರು. ನಾನು ಹಾಳೆಯನ್ನು ತಿರುಗಿಸಿ, ಅವರು ಕೂತ ದಿಕ್ಕಿಗೆ ಸರಿಯಾಗಿ ಇಟ್ಟು, ಇದು ಕೆರೆ ಏರಿ, ಇದು ಗುಡಿ ಅಂತ ಎರಡೇ ಗುರುತು ಹೇಳಿದೆ. ಕ್ಷಣದಲ್ಲಿ ಬೆರಳಿಟ್ಟು ಹೊಲ ತೋರಿಸಿದರು. ಅಷ್ಟೇ ಅಲ್ಲ, "ಈ ಹಳ್ಳ ಈಗ ಇಲ್ಲಿ ಹರಿಯಲ್ಲ ಸಾರ್, ಮಳೆಗೆ ದಡ ಕಿತ್ತು ಆಕಡೆ ತಿರುಗೈತೆ" ಅಂತ ನನ್ನ ನಕ್ಷೆಯನ್ನೇ ತಿದ್ದಿದರು. ಹೋಗಿ ನೋಡಿದೆ, ಅವರದ್ದೇ ಸರಿ. ಮೊಂಟ್ಸೆರಾಟ್‌ನಲ್ಲೂ ಜನರಿಗೆ ಬೇರೆ ಬೇರೆ ಬಗೆಯ ನಕ್ಷೆ ಕೊಟ್ಟು ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ರೇಖೆಗಳ ನಕ್ಷೆಯಲ್ಲಿ ತಡವರಿಸಿದವರು ಮೇಲಿನಿಂದ ತೆಗೆದ ಫೋಟೋದಲ್ಲಿ ತಮ್ಮ ಜಾಗವನ್ನು ಚೆನ್ನಾಗಿ ಗುರುತಿಸಿದರು. ಪಿನಟುಬೊದಲ್ಲಿ ಇನ್ನೂ ಮುಂದೆ ಹೋದರು: ಬಿಸಿಬೂದಿ, ಲಹಾರ್ ಅಂದರೆ ಏನೆಂದು ತೋರಿಸುವ ವಿಡಿಯೋವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ನೋಡಿದ ಮೇಲೆ ನಕ್ಷೆ ಅರ್ಥವಾಯಿತು. ಆ ದೃಶ್ಯಗಳನ್ನು ಚಿತ್ರಿಸಿದ್ದ ಫ್ರೆಂಚ್ ದಂಪತಿ, ಮೋರಿಸ್ ಮತ್ತು ಕಾತಿಯಾ ಕ್ರಾಫ್ಟ್, ಪಿನಟುಬೊ ಸಿಡಿಯುವ ಹನ್ನೆರಡು ದಿನ ಮುಂಚೆ, ಜೂನ್ 3ರಂದು ಜಪಾನಿನ ಉನ್‌ಜೆನ್‌ನಲ್ಲಿ ಬಿಸಿಬೂದಿಗೇ ಬಲಿಯಾದರು.

ಬೂದಿ ಬೀಳುವ ವಿಚಾರ ನಿಮ್ಮ ಮಗಳ ನಕ್ಷೆಯಲ್ಲಿ ಇರಲಿಕ್ಕಿಲ್ಲ, ಯಾಕೆಂದರೆ ಅದು ಹಳ್ಳ ಹಿಡಿಯುವುದಿಲ್ಲ, ಗಾಳಿ ಹಿಡಿಯುತ್ತದೆ. ಯೋಗ್ಯಕರ್ತಾಕ್ಕೆ ಹೆಚ್ಚು ಸಲ ಬರುವ ತೊಂದರೆ ಇದೇ. ಇದು ನಿಮ್ಮ ಒಲೆಯ ಹೊಟ್ಟಿನ ಬೂದಿಯಂಥದ್ದಲ್ಲ, ಊದಿದರೆ ಹಾರಿಹೋಗುವುದಿಲ್ಲ. ಪುಡಿಯಾದ ಕಲ್ಲು ಮತ್ತು ಗಾಜು ಅದು. ಕಣ್ಣು ಉಜ್ಜಿದರೆ ಗೀರು ಬೀಳುತ್ತದೆ. ಮಳೆಯಲ್ಲಿ ನೆನೆದರೆ ಅದರ ತೂಕ ನೋಡಿ: 10 ಸೆಂಟಿಮೀಟರ್ ಒದ್ದೆ ಬೂದಿ ಒಂದು ಚದರ ಮೀಟರಿಗೆ 150 ಕೆ.ಜಿ. ಆಸುಪಾಸು. ನಮ್ಮ ಮೇಸ್ತ್ರಿಗಳ ಲೆಕ್ಕದ ಒಂದು ಚದರ, ಅಂದರೆ 100 ಚದರ ಅಡಿ ಚಾವಣಿಗೆ ಸುಮಾರು 14 ಕ್ವಿಂಟಲ್. 28 ಮೂಟೆ ಸಿಮೆಂಟನ್ನು ನಿಮ್ಮ ಭಟ್ಟಿಯ ತಗಡಿನ ಶೀಟಿನ ಮೇಲೆ ಇಟ್ಟ ಹಾಗೆ. ಪಿನಟುಬೊ ಸಿಡಿದ ದಿನವೇ ಒಂದು ಚಂಡಮಾರುತವೂ ಬಂದಿತ್ತು. ಆಗ ಸತ್ತವರಲ್ಲಿ ಬಹಳ ಜನ ಒದ್ದೆ ಬೂದಿಯ ಭಾರಕ್ಕೆ ಕುಸಿದ ಚಾವಣಿಯಡಿ ಸಿಕ್ಕವರು. ಯೋಗ್ಯಕರ್ತಾದಲ್ಲಿ 10 ಸೆಂಟಿಮೀಟರ್ ಬೀಳುತ್ತದೆ ಎಂದು ನಾನು ಹೇಳುತ್ತಿಲ್ಲ. ತೆಳುವಾಗಿ ಬಿದ್ದರೂ ಮಾಸ್ಕು, ಕಣ್ಣಿಗೆ ಕನ್ನಡಕ, ಕುಡಿಯುವ ನೀರಿಗೆ ಮುಚ್ಚಳ ಇಷ್ಟು ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಆ ದಿನ ತೆಗೆದಿಡಲಿ.

ಇನ್ನು ಮಗಳಿಗೆ ನೀವು ಹೇಳಬೇಕಾದದ್ದು. ನಕ್ಷೆಯ ಮೂಲೆಯಲ್ಲಿ ಯಾವ ವರ್ಷದ್ದೆಂದು ಬರೆದಿರುತ್ತದೆ, ಅದನ್ನು ನೋಡಲಿ. 2010ಕ್ಕೆ ಮುಂಚಿನದಾದರೆ ಅಳಿಸಿಬಿಡಲಿ. ವಾಟ್ಸಾಪ್‌ನಲ್ಲಿ ಸುತ್ತುವ ನಕ್ಷೆಯ ಬದಲು ಮೆರಾಪಿ ಕಾಯುವ ಸಂಸ್ಥೆ ಹೊರಡಿಸುವ ಸೂಚನೆಯನ್ನು ಅವಳೇ ನೋಡಿಕೊಳ್ಳಲಿ, ಮೂರನೇ ಹಂತ ನಾಲ್ಕಕ್ಕೆ, ಅಂದರೆ 'ಆವಾಸ್'ಗೆ ಏರಿದರೆ ಅದರಲ್ಲಿ ಮೊದಲು ಬರುತ್ತದೆ. ಗೆಳೆಯರು ಬೆಟ್ಟದ ಮೇಲಿನ ಹಳ್ಳಿಗಳಿಗೆ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದರೆ ಆ ದಿನದ ಸೂಚನೆಯಲ್ಲಿ ಯಾವ ಹೊಳೆಗೆ ಎಷ್ಟು ಕಿ.ಮೀ. ಅಂತಿದೆ ನೋಡಿಯೇ ಹೊರಡಲಿ. ಬೆಟ್ಟದ ಕಡೆ ಜೋರು ಮಳೆಯಾದ ದಿನ ಹೊಳೆಯ ಸೇತುವೆಯ ಮೇಲೆ ನಿಂತು ಫೋಟೋ ತೆಗೆಯುವುದು ಬೇಡ. ತಮ್ಮ ಓಣಿಯಲ್ಲಿ ಮಳೆಯೇ ಇಲ್ಲದಿದ್ದರೂ ಮೇಲೆ ಹುಯ್ದ ಮಳೆ ಕೆಸರಾಗಿ ಬರುತ್ತದೆ.

ಮತ್ತೊಂದು ಕೆಲಸ ಅವಳು ಈ ಭಾನುವಾರವೇ ಮಾಡಬಹುದು. ರೂಮಿನಿಂದ ಹೊರಟು ಹತ್ತಿರದ ಹೊಳೆಯ, ಬಹುಶಃ ಚೊಡೆಯ, ದಡದವರೆಗೆ ನಡೆದು ಹೋಗಲಿ. ದಾರಿ ಇಳಿಯುತ್ತದೋ ಸಮ ಇದೆಯೋ, ನಡುವೆ ಮೆಟ್ಟಿಲು ಎಷ್ಟು, ದಡದಿಂದ ನೀರಿಗೆ ಎಷ್ಟು ಆಳ, ಹೊಳೆ ಅಲ್ಲಿ ನೇರ ಇದೆಯೋ ಅವಳ ರೂಮಿನ ಕಡೆಗೆ ತಿರುವು ತೆಗೆದುಕೊಳ್ಳುತ್ತದೋ ನೋಡಲಿ. ದಡದಲ್ಲಿ ಟೀ ಮಾರುವ ಅಜ್ಜಿಯೋ ಅಂಗಡಿಯವರೋ ಇದ್ದರೆ 2010–11ರಲ್ಲಿ ಕೆಸರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಲಿ, ಗೋಡೆ ತೋರಿಸಿ ಹೇಳುವವರು ಖಂಡಿತ ಸಿಗುತ್ತಾರೆ. ದಡದಲ್ಲಿ ನಿಂತು ಎರಡೂ ಬದಿಗೆ ಒಂದೊಂದು ಫೋಟೋ ತೆಗೆದು ನಿಮಗೆ ಕಳಿಸಲಿ, ನನಗೂ ಕಳಿಸಿಕೊಡಿ. ಒಬ್ಬ ಮನುಷ್ಯ ನಿಂತಿರುವ ಹಾಗೆ ತೆಗೆಯಲು ಹೇಳಿ, ದಡ ಎಷ್ಟು ಆಳು ಎತ್ತರ ಇದೆ ಅಂತ ಅಂದಾಜು ಸಿಗುತ್ತದೆ.